ಬಾಗಲಕ್ಕ ತಕ್ಕ ಮನಿ

ಗಿರಿಜವ್ವ: ಆನಿ ಯಾವಾಗ ಬರತೈತ್ರಿ?

ರಾವಸಾಹೇಬ: ಯಾವ ಆನಿ?

ಗಿರಿಜವ್ವ: ಈ ಬಾಗಲದಾಗಿಂದ ಒಳಗ ಬರೂ ಆನಿ. ನಾವು ಮನುಷ್ಯಾರು ಹೋಗಿ ಬರಾಕಂತೂ ಇದನ್ನ ಯಾರೂ ಮಾಡಿಲ್ಲ.

(ಐನಾಪುರದಲ್ಲಿ ರಾವಸಾಹೇಬರು ಹೊಸ ಮನೆ ಕಟ್ಟಿಸುತ್ತಿದ್ದಾರೆ. ಗೋಡೆ ಇನ್ನೂ ಮೊಣಕಾಲಿನ ಮಟ್ಟ. ಭೋಜ ಊರಿನಿಂದ ಬಂದ ಟ್ರ್ಯಾಕ್ಟರಿನಿಂದ ಎಂಟು ಮಂದಿ ಸೇರಿ ಒಂದು ಬಾಗಿಲನ್ನು ಚೌಕಟ್ಟು ಸಮೇತ ಇಳಿಸಿ, ಬೆವರು ಒರೆಸಿಕೊಂಡು, ಹಿಂತಿರುಗಿ ನೋಡದೆ ಹೋಗಿದ್ದಾರೆ. ಹೆಂಡತಿ ಗಿರಿಜವ್ವ ಆ ಬಾಗಿಲಿಗೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಗಂಡನ ಚಹಾ ಆರಿ ತಣ್ಣಗಾಗಿದೆ. ಗೌಂಡಿ ಜಕ್ಕಪ್ಪ ಟೇಪು ಹಿಡಿದುಕೊಂಡು ಬಾಗಿಲಿನ ಮೇಲೆಯೇ ನಡೆದಾಡಿ ಅಳೆಯುತ್ತಿದ್ದಾನೆ.)

ರಾವಸಾಹೇಬ: ಚ್ಯಾಷ್ಟಿ ಮಾಡಬ್ಯಾಡ. ಭೋಜದಾಗ ಹಳೇ ವಾಡೆ ಒಂದ ಕೆಡವಾಕತ್ತಿದ್ರು. ನೂರ ವರ್ಷದ ಸಾಗವಾನಿ. ಹೊಸಾ ಸಾಗವಾನಿ ಬಾಗಲದ ರೇಟ್ ಗೊತ್ತೈತೇನ ನಿನಗ? ಅದರ ಅರ್ಧಾ ರೊಕ್ಕಕ್ಕ ತಂದೀನಿ. ಅರ್ಧಾ ರೊಕ್ಕ, ಎರಡ ಪಟ್ಟ ಬಾಗಲ. ಲೆಕ್ಕಾ ಹಾಕು, ನಾಕ ಪಟ್ಟ ಲಾಭ!

ಗಿರಿಜವ್ವ: ಹಂಗಿದ್ರ ಇನ್ನೂ ಮೂರ ತರಬೇಕಾಗಿತ್ತು. ನಾಕೂ ಕಡೆ ನಿಲ್ಲಿಸಿದ್ರ ಗ್ವಾಡಿ ಖರ್ಚಽ ಇರ್ತಿರಲಿಲ್ಲ.

ರಾವಸಾಹೇಬ: ಈ ಕೆತ್ತನಿ ನೋಡು. ಈ ಹಿತ್ತಾಳಿ ಮೊಳಿ ನೋಡು. ಉಗಾರದಿಂದ ಬರೂ ಮಂದಿ ರಸ್ತಾದಾಗ ಗಾಡಿ ನಿಲ್ಲಿಸಿ ಕೇಳಬೇಕು, ಈ ಬಾಗಲ ಯಾರದು ಅಂತ.

ಗಿರಿಜವ್ವ: ಬಾಗಲ ಕೇಳ್ಯಾರು. ಮನಿ ಎಲ್ಲಿ ಐತಿ ಅಂತನೂ ಕೇಳ್ಯಾರು.

ಜಕ್ಕಪ್ಪ: ಸಾವಕಾರ್ರ, ಅಗಲ ಆರೂವರಿ ಫೂಟ ಆತು. ಎತ್ತರ ಹತ್ತ ಫೂಟ ನಾಕ ಇಂಚ.

ರಾವಸಾಹೇಬ: ಛಲೋ ಆತಲ್ಲ.

ಜಕ್ಕಪ್ಪ: ನಮ್ಮ ಸ್ಲ್ಯಾಬ್ ಹತ್ತ ಫೂಟಿಗೆ ಐತ್ರಿ.

ರಾವಸಾಹೇಬ: ಅಂದ್ರ?

ಜಕ್ಕಪ್ಪ: ಅಂದ್ರ ಬಾಗಲ ನಾಕ ಇಂಚ ಮಾಳಗಿ ಮ್ಯಾಲ ಹೊಂಟೈತ್ರಿ.

ಗಿರಿಜವ್ವ: ಇರಲಿ ಬಿಡಪಾ. ಮಾಳಗಿ ಮ್ಯಾಲ ಶಾವಿಗಿ ಒಣಗಸೂವಾಗ ತಲಿಗೆ ಒರಗಾಕ ಆಗತೈತಿ.

ರಾವಸಾಹೇಬ: ಮನಿ ಎತ್ತರಸೋ ಜಕ್ಕಪ್ಪಾ. ಎತ್ತರ ಮನಿ ತಂಪ ಇರತೈತಿ.

ಜಕ್ಕಪ್ಪ: ಎತ್ತರಸೂನ್ರಿ. ಬಾಗಲದ ಮ್ಯಾಲ ಲಿಂಟಲ್, ಲಿಂಟಲ್ ಮ್ಯಾಲ ನಾಕೈದ ಸಾಲ ಇಟ್ಟಂಗಿ. ಎಲ್ಲಾ ಗ್ವಾಡಿ ಹನ್ನೆರಡೂವರಿಗೆ ಒಯ್ಯಬೇಕು. ಇನ್ನೂ ನಾಕ ಸಾವಿರ ಇಟ್ಟಂಗಿ ತರಸ್ರಿ. ಕಬ್ಬಿಣದ ಸಳಿ ಬ್ಯಾರೆ, ಸಿಮೆಂಟ ಬ್ಯಾರೆ, ಉಸುಕು ಬ್ಯಾರೆ.

(ರಾವಸಾಹೇಬರು ಇಟ್ಟಂಗಿ ಭಟ್ಟಿಯ ಬಾಳೇಶನಿಗೆ ಫೋನ್ ಹಚ್ಚುತ್ತಾರೆ.)

ರಾವಸಾಹೇಬ: ಬಾಳೇಶ, ಇಟ್ಟಂಗಿ ಏನ ರೇಟ್ ಇವತ್ತ?... ಏ, ಮುಂಜಾನಿ ಬ್ಯಾರೇ ಹೇಳಿದ್ಯಲ್ಲೋ!... ಕಲ್ಲಿದ್ದಲ ಏರೇತಿ? ಯಾವಾಗ ಏರಿತು?... ಈಗ? ನಾ ಫೋನ್ ಹಚ್ಚಿದ ಮ್ಯಾಲ?

ಗಿರಿಜವ್ವ: ಇಡ್ರಿ ಆ ಫೋನ್. ನೀವು ಕೇಳಿದಾಗೊಮ್ಮೆ ಏರತೈತಿ. ಹೋದ ವಾರ ನಾಕ ಸರತಿ ಕೇಳಿ ಸಿಮೆಂಟ ನಾಕ ಸರತಿ ಏರಿಸಿದ್ರಿ.

ರಾವಸಾಹೇಬ: ನಾ ಏರಿಸಿದ್ನೇನ?

ಗಿರಿಜವ್ವ: ನಾ ಒಮ್ಮಿನೂ ಕೇಳಿಲ್ಲ. ನನಗ ಒಮ್ಮಿನೂ ಏರಿಲ್ಲ.

ಜಕ್ಕಪ್ಪ: ಸಳೀದೂ ಕೇಳ್ರಿ ಸಾವಕಾರ್ರ.

ರಾವಸಾಹೇಬ: ನಿನ್ನಿ ಕೇಳೀನೋ. ನಿಪ್ಪಾಣಿ ಅಂಗಡ್ಯಾಂವ ಮರಾಠಿಯೊಳಗ ಹೇಳಿದ, ದರ ವಾಢಲಾ ಅಂತ. ನಾ ಕನ್ನಡದಾಗ ಕೇಳಿದ್ನಿ, ಇಳಿಯೂದು ಯಾವಾಗ ಅಂತ. ಅದು ಅಂವಗ ಯಾವ ಭಾಷಾದಾಗೂ ತಿಳೀಲಿಲ್ಲ.

ಗಿರಿಜವ್ವ: ನಮ್ಮ ಕಬ್ಬಿನ ರೇಟ್ ಏರಬೇಕಂದ್ರ ರಸ್ತಾದಾಗ ಕುಂತ ಗಂಟಲ ಹರಕೋಬೇಕು. ಈ ಸಿಮೆಂಟಿಗೆ ಯಾರ ಕುಂತ್ರು? ಯಾರ ಕೂಗಿದ್ರು? ತನ್ನಷ್ಟಕ್ಕ ತಾನ ಏರತೈತಿ.

(ರಾವಸಾಹೇಬರು ಬಾಗಿಲಿನ ಮೇಲೆ ಕೂತು, ಇಟ್ಟಂಗಿ ಚೂರಿನಿಂದ ನೆಲದ ಮೇಲೆ ಮನೆಯ ನಕಾಶೆ ಬರೆದು, ಒಂದೊಂದೇ ಖೋಲಿಯ ಮೇಲೆ ಬೆರಳಿಟ್ಟು ನೋಡುತ್ತಾರೆ. ಪಡಸಾಲಿಯ ಮೇಲೆ ಬೆರಳು ನಿಲ್ಲುವುದಿಲ್ಲ. ದೇವರ ಖೋಲಿಗೆ ಕೈ ಮುಗಿದು ಮುಂದೆ ಹೋಗುತ್ತದೆ. ಕೊನೆಗೆ ಹಿಂದುಗಡೆ ಬಂದು ನಿಲ್ಲುತ್ತದೆ.)

ರಾವಸಾಹೇಬ: ಇಲ್ಲಿ ಉಳಸೂನು. ಅಡಗಿಮನಿ ಗ್ವಾಡಿ ಬಿಟ್ಟಬಿಡು. ನಾಕ ತಗಡ ಹೊಡದ್ರಾತು.

ಗಿರಿಜವ್ವ: ಏನ ಅಂದ್ರಿ?

ರಾವಸಾಹೇಬ: ಒಂದ ವರ್ಷದ ಮಾತು. ರೇಟ್ ಇಳೀಲಿ, ಕಟ್ಟಸೂನು.

ಗಿರಿಜವ್ವ: ಹೋದ ಸಲ ನೀವು ಒಂದ ವರ್ಷ ಅಂದಾಗ ನಮ್ಮ ಸಾರಿಕಾ ತೊಟ್ಟಿಲದಾಗಿದ್ಲು. ಈಗ ಆಕಿ ಕೂಸ ತೊಟ್ಟಿಲದಾಗೈತಿ. ಇಪ್ಪತ್ತೆರಡ ವರ್ಷ ತಗಡದ ಕೆಳಗ ಅಡಗಿ ಮಾಡೀನಿ. ಮಳಿಗಾಲದಾಗ ಸಾರಿಗೆ ನೀರ ಹಾಕೂದ ಬ್ಯಾಡ, ಬ್ಯಾಸಗಿಯಾಗ ಒಲಿ ಹಚ್ಚೂದ ಬ್ಯಾಡ. ಹೊಸಾ ಮನ್ಯಾಗ ನಿನಗೊಂದ ಅಡಗಿಮನಿ ಅಂತ ಯಾರ ಹೇಳಿದ್ರು?

ರಾವಸಾಹೇಬ: ಅದು ಹಳೇ ರೇಟಿಗೆ ಹೇಳಿದ ಮಾತು.

(ಗಿರಿಜವ್ವ ಪೂಜೆಗೆಂದು ತಂದಿಟ್ಟಿದ್ದ ಅರಿಶಿಣ ಕುಂಕುಮದ ತಾಟು ಎತ್ತಿಕೊಂಡು ಉಸುಕಿನ ಗುಂಪಿಯ ಮೇಲೆ ಹೋಗಿ ಕೂತರು.)

ಜಕ್ಕಪ್ಪ: ಅಕ್ಕಾರ, ಬರ್ರಿ. ಒಂದೂವರಿಗೆ ರಾಹುಕಾಲ ಹತ್ತತೈತಿ. ಅದರೊಳಗ ಚೌಕಟ್ಟ ನಿಲ್ಲಬೇಕು. ಇವತ್ತ ತಪ್ಪಿದ್ರ ಆಷಾಢ ಮುಗಿಯೂತನಕ ಮುಹೂರ್ತ ಇಲ್ಲ ಅಂದಾರ ಅಯ್ಯನವರು.

ಗಿರಿಜವ್ವ: ನಾ ಕೈ ಹಚ್ಚೂದಿಲ್ಲಪಾ.

ಜಕ್ಕಪ್ಪ: ಅಯ್ಯೋ, ಸೂತಕ ಏನಾರ ಬಂದೈತೇನ್ರಿ?

ಗಿರಿಜವ್ವ: ಬಂದೈತಿ. ಅಡಗಿಮನಿ ಸತ್ತೈತಿ.

ಜಕ್ಕಪ್ಪ: ಎಷ್ಟ ದಿವಸದ ಸೂತಕ್ರಿ?

ಗಿರಿಜವ್ವ: ಅದನ್ನ ನಿಮ್ಮ ಸಾವಕಾರ್ರನ ಕೇಳು.

ರಾವಸಾಹೇಬ: ಎತ್ತೋ ಚೌಕಟ್ಟ. ಮಂದೀನ ಕರಿ.

ಜಕ್ಕಪ್ಪ: ಹೆಂಗ ಎತ್ತಲ್ರಿ? ಮನಿ ಒಡತಿ ಕೈಯಿಂದ ಐದ ಬಟ್ಟ ಕುಂಕುಮ ಬೀಳಬೇಕು. ಮೂವತ್ತ ವರ್ಷ ಆತು, ಅದಿಲ್ಲದ ಒಂದ ಚೌಕಟ್ಟನೂ ನಾ ನಿಲ್ಲಿಸಿಲ್ಲ.

ರಾವಸಾಹೇಬ: ತಾ ಇಲ್ಲಿ, ನಾ ಹಚ್ಚತೀನಿ.

ಜಕ್ಕಪ್ಪ: ನೀವು ಒಡತಿ ಅಲ್ರಿ.

ರಾವಸಾಹೇಬ: ಕುಂಕುಮ ಅದ ಅಲ್ಲೇನೋ!

ಜಕ್ಕಪ್ಪ: ಕುಂಕುಮ ಅದರಿ. ಕೈ ಬ್ಯಾರೆ.

(ಒಂದು ಹೊಡೆಯಲು ಹತ್ತು ನಿಮಿಷ. ರಾವಸಾಹೇಬರು ಆಕಾಶ ನೋಡುತ್ತಾರೆ, ಗಡಿಯಾರ ನೋಡುತ್ತಾರೆ, ಆಷಾಢದ ನಂತರ ಸಳಿಯ ರೇಟು ಎಲ್ಲಿರುತ್ತದೆಂದು ಮನಸ್ಸಿನಲ್ಲೇ ನೋಡಿ ಬೆವರುತ್ತಾರೆ. ಉಸುಕಿನ ಗುಂಪಿಯ ಹತ್ತಿರ ಬಂದು ದನಿ ಮೆತ್ತಗೆ ಮಾಡುತ್ತಾರೆ.)

ರಾವಸಾಹೇಬ: ಗಿರಿಜಾ, ಏಳು. ಮಂದಿ ನೋಡಾಕತ್ತಾರ.

ಗಿರಿಜವ್ವ: ನೋಡಲಿ. ಮಂದಿ ನೋಡ್ಲಿ ಅಂತಽ ಬಾಗಲ ತಂದೀರಲ್ಲ.

ರಾವಸಾಹೇಬ: ಏನ ಬೇಕ ನಿನಗ?

(ಗಿರಿಜವ್ವ ಎದ್ದು ಬಂದು, ಬೆರಳನ್ನು ಕುಂಕುಮದಲ್ಲಿ ಅದ್ದಿ, ಚೌಕಟ್ಟಿನಿಂದ ಒಂದು ಗೇಣು ದೂರದಲ್ಲಿ ಹಿಡಿಯುತ್ತಾರೆ.)

ಗಿರಿಜವ್ವ: ಅಡಗಿಮನಿಗೆ ಗ್ವಾಡಿ?

ರಾವಸಾಹೇಬ: ತಗಡ ಅಂದ್ನೆಲ್ಲ.

(ಬೆರಳು ಹಿಂದಕ್ಕೆ ಸರಿಯುತ್ತದೆ.)

ರಾವಸಾಹೇಬ: ಗ್ವಾಡಿ! ಗ್ವಾಡಿ ಕಟ್ಟಸ್ತೀನಿ ಮಾರಾಯ್ತಿ!

ಗಿರಿಜವ್ವ: ನಾಕೂ ಕಡೆ?

ರಾವಸಾಹೇಬ: ಮೂರ ಕಡೆ. ನಾಕನೇದು ಮನೀದಽ ಐತಿ.

ಜಕ್ಕಪ್ಪ: ಅದು ಖರೇ ಐತ್ರಿ ಅಕ್ಕಾರ.

(ಕುಂಕುಮದ ಒಂದನೆಯ ಬಟ್ಟು ಬಿತ್ತು. ಜಕ್ಕಪ್ಪ ಕೈ ಮುಗಿದ.)

ಗಿರಿಜವ್ವ: ಮ್ಯಾಲ ಸ್ಲ್ಯಾಬ್?

ರಾವಸಾಹೇಬ: ಗ್ವಾಡಿ ಕಟ್ಟಿ ಮ್ಯಾಲ ತಗಡ ಹಾಕಿದ್ರ ಏನಾಗತೈತಿ?

ಗಿರಿಜವ್ವ: ಹೋದ ವರ್ಷ ಎಮ್ಮಿ ಕಟ್ಟೂ ಜಾಗಾಕ್ಕ ಸ್ಲ್ಯಾಬ್ ಹಾಕಸೀರಿ.

ರಾವಸಾಹೇಬ: ಎಮ್ಮಿ ಹಾಲ ಕೊಡತೈತಿ.

(ಜಕ್ಕಪ್ಪ ಬೇಗನೆ ಬಗ್ಗಿ, ಬಿಚ್ಚದೇ ಇದ್ದ ಚಪ್ಪಲಿಯ ಪಟ್ಟಿ ಕಟ್ಟತೊಡಗಿದ. ಗಿರಿಜವ್ವ ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಳ್ಳಲು ಹೊರಟರು.)

ರಾವಸಾಹೇಬ: ಸ್ಲ್ಯಾಬ್! ಸ್ಲ್ಯಾಬ್ ಅಂದ್ನಿ! ಎಮ್ಮಿ ಮಾತು ಆಡೇ ಇಲ್ಲ ನಾ!

ಗಿರಿಜವ್ವ: ಜಕ್ಕಪ್ಪಾ, ಆಡಿದ್ರೇನು?

ಜಕ್ಕಪ್ಪ: ನಾ ಚಪ್ಪಲಿ ನೋಡಾಕತ್ತಿದ್ನಿ ಅಕ್ಕಾರ.

(ಎರಡನೆಯ ಬಟ್ಟು.)

ಗಿರಿಜವ್ವ: ಖಿಡಕಿ?

ರಾವಸಾಹೇಬ: ಎರಡ! ಎರಡ ಖಿಡಕಿ ತಗೋ!

ಗಿರಿಜವ್ವ: ನಾ ಒಂದಽ ಕೇಳಾಕಿದ್ನಿ. ಇರಲಿ, ಬ್ಯಾಡ ಅನ್ನಬಾರದು.

(ಮೂರನೆಯದು. ರಾವಸಾಹೇಬರು ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು.)

ಗಿರಿಜವ್ವ: ರೊಟ್ಟಿ ಬಡಿಯಾಕ ಕುಂಡ್ರೂ ಕಟ್ಟಿ. ನನ್ನ ಮೊಣಕಾಲಿಗೆ ಸರಿ ಆಗೂವಷ್ಟ ಎತ್ತರದ್ದು.

ರಾವಸಾಹೇಬ: ಗ್ರಾನೈಟ್ ಕೇಳಬ್ಯಾಡ ಮತ್ತ.

ಗಿರಿಜವ್ವ: ಕಡಪಾ ಫರಸಿ ಸಾಕು. ನಾ ಏನ ಆಸೀಬುರುಕಿ ಅಲ್ಲ.

(ನಾಲ್ಕನೆಯ ಬಟ್ಟು ಬಿತ್ತು. ಒಂದು ಗಂಟೆ ಐದು ನಿಮಿಷ. ರಾವಸಾಹೇಬರು ಮನಸ್ಸಿನಲ್ಲೇ ಕೂಡಿಸಿ ನೋಡಿ ಒಮ್ಮೆಲೇ ಜಿಗಿದೆದ್ದರು.)

ರಾವಸಾಹೇಬ: ಆಗೂದಿಲ್ಲ! ಎತ್ತರದ ಮನೀನೂ ಕಟ್ಟು, ಅಡಗಿಮನೀನೂ ಕಟ್ಟು ಅಂದ್ರ ಕಬ್ಬಿನ ಹೊಲ ಮಾರಬೇಕು. ಈ ಬಾಗಲಽ ಬ್ಯಾಡ. ಇವತ್ತ ಮಾರಿಬಿಡ್ತೀನಿ.

ಗಿರಿಜವ್ವ: ಮಾರ್ರಿ.

ರಾವಸಾಹೇಬ: ಮಾರತೀನಿ!

ಜಕ್ಕಪ್ಪ: ಯಾರ ತಗೋತಾರ್ರಿ ಸಾವಕಾರ್ರ? ನಾಕ ಬಟ್ಟ ಬಿದ್ದಾವು. ಮತ್ತೊಬ್ಬರ ಮನಿ ಒಡತಿ ಹಚ್ಚಿದ ಚೌಕಟ್ಟ ಯಾವ ಮನ್ಯಾಗ ನಿಲ್ಲಸ್ತಾರ? ಅಳಸಾಕೂ ಬರೂದಿಲ್ಲ.

(ರಾವಸಾಹೇಬರು ಬಾಗಿಲನ್ನು ನೋಡಿದರು. ಬಾಗಿಲು ನಾಲ್ಕು ಕಣ್ಣು ಬಿಟ್ಟುಕೊಂಡು ಅವರನ್ನು ನೋಡಿತು.)

ರಾವಸಾಹೇಬ: ಹಂಗಾದ್ರ ನನಗ ಮಾರಾಕೂ ಬರೂದಿಲ್ಲ, ಹಚ್ಚಾಕೂ ಬರೂದಿಲ್ಲ. ಐದನೇದಕ್ಕ ಏನ ಉಳದೈತಿ ನನ್ನ ಹತ್ತರ? ಮೈಮ್ಯಾಲಿನ ಅಂಗಿ ಬೇಕೇನ?

ಗಿರಿಜವ್ವ: ಅಂಗಿ ಇಟ್ಕೋರಿ. ಈ ಬಾಗಲ ನನ್ನ ಅಡಗಿಮನಿಗೆ ಹಚ್ಚರಿ.

(ಜಕ್ಕಪ್ಪನ ಕೈಯೊಳಗಿನ ಟೇಪು ಜರ್ರನೆ ತಾನಾಗಿಯೇ ಒಳಗೆ ಹೋಯಿತು.)

ರಾವಸಾಹೇಬ: ಏನು?

ಗಿರಿಜವ್ವ: ಹಿಂದ. ಹಿತ್ತಲ ಕಡೆ.

ರಾವಸಾಹೇಬ: ಹುಚ್ಚ ಹಿಡದೈತೇನ? ಇದು ತಲಿಬಾಗಲ!

ಗಿರಿಜವ್ವ: ಮುಂದ ಇದನ್ನ ಹಚ್ಚಿದ್ರ ಇಡೀ ಮನಿ ಎತ್ತರಸಬೇಕು. ಹಿಂದ ಹಚ್ಚಿದ್ರ ಅಡಗಿಮನಿ ಒಂದನ್ನಽ ಎತ್ತರಸಬೇಕು. ಹೌದಲ್ಲೋ ಜಕ್ಕಪ್ಪಾ?

(ಜಕ್ಕಪ್ಪ ಬೆರಳು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ ಲೆಕ್ಕ ಹಾಕಿದ.)

ಜಕ್ಕಪ್ಪ: ನಾಕ ಸಾವಿರ ಇಟ್ಟಂಗೀದು ಒಂದೂವರಿ ಸಾವಿರದಾಗ ಮುಗೀತೈತ್ರಿ. ಮ್ಯಾಲಾಗಿ ಹಿತ್ತಲ ಪೂರ್ವಕ್ಕ ಐತಿ, ರಸ್ತಾ ಪಶ್ಚಿಮಕ್ಕ. ಶಾಸ್ತ್ರಕ್ಕೂ ಅಕ್ಕಾರ ಹೇಳೂದು ಕೂಡಿಬರತೈತಿ.

ರಾವಸಾಹೇಬ: ನೀ ಯಾರ ಕಡೆಯಾಂವ ಲೇ? ನಿನಗ ಪಗಾರ ಕೊಡಾಂವ ಯಾರ?

ಜಕ್ಕಪ್ಪ: ಪಗಾರ ನೀವು ಕೊಡತೀರಿ ಸಾವಕಾರ್ರ. ಊಟಾ ಅಕ್ಕಾರ ಹಾಕತಾರ.

ರಾವಸಾಹೇಬ: ಎರಡೂವರಿ ಸಾವಿರ ಇಟ್ಟಂಗಿ ಉಳೀತಾವ?

ಜಕ್ಕಪ್ಪ: ಉಳೀತಾವ್ರಿ.

ರಾವಸಾಹೇಬ: ಸಳಿ? ಸಿಮೆಂಟ?

ಜಕ್ಕಪ್ಪ: ಅವೂ ಉಳೀತಾವ್ರಿ. ಒಂದಽ ಐತಿ. ಆರೂವರಿ ಫೂಟ ಬಾಗಲಕ್ಕ ಎಂಟ ಫೂಟಿನ ಅಡಗಿಮನಿ ಸಾಲೂದಿಲ್ಲ. ಹದಿನಾಕ ಮಾಡಬೇಕು. ಪಡಸಾಲಿ ಗ್ವಾಡಿ ಮುಂದಕ್ಕ ಸರಸೂದು ಅಷ್ಟ. ಇಟ್ಟಂಗಿ ಹೆಚ್ಚ ಹತ್ತೂದಿಲ್ಲ.

ರಾವಸಾಹೇಬ: ಮತ್ತ ನನ್ನ ಪಡಸಾಲಿ?

ಜಕ್ಕಪ್ಪ: ಎರಡ ಖುರ್ಚಿ ಹಿಡೀತಾವ್ರಿ. ಮಡಚೂವು ಇದ್ರ ಮೂರ.

(ಅಷ್ಟರಲ್ಲಿ ರಾವಸಾಹೇಬರ ಫೋನು ರಿಂಗಾಯಿತು. ಬಾಳೇಶ. ಅವರು ಅದನ್ನು ಎತ್ತಲೂ ಇಲ್ಲ, ಮುಟ್ಟಲೂ ಇಲ್ಲ. ಎತ್ತಿದರೆ ಮತ್ತೆ ಏರೀತೆಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.)

ರಾವಸಾಹೇಬ: ಹಚ್ಚ, ಹಚ್ಚ! ಅಂವ ಮತ್ತ ರೇಟ್ ಹೇಳೂದರೊಳಗ ಆ ಐದನೇದು ಹಚ್ಚಿಬಿಡು!

(ಐದನೆಯ ಬಟ್ಟು ಬಿತ್ತು. ಕಾಯಿ ಒಡೆಯಿತು. ಕೆಲಸದ ಹನ್ನೆರಡು ಮಂದಿ ‘ಹೋ’ ಅಂತ ಕೂಗಿ ಬಾಗಿಲನ್ನು ಹೊತ್ತು, ಮನೆಯ ಪಕ್ಕದಿಂದ ಸುತ್ತು ಹಾಕಿ, ಹಿತ್ತಲಿಗೆ ಒಯ್ದು ನಿಲ್ಲಿಸಿದರು. ಒಂದು ಗಂಟೆ ಇಪ್ಪತ್ತೆಂಟು ನಿಮಿಷ. ಗಿರಿಜವ್ವ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಹಾದು ನೋಡಿದರು. ರಾವಸಾಹೇಬರು ರಸ್ತೆಯ ಮೇಲೆ ನಿಂತು ಕತ್ತು ಉದ್ದ ಮಾಡಿದರೂ ಬಾಗಿಲಿನ ಒಂದು ಮೊಳೆಯೂ ಕಾಣಲಿಲ್ಲ.)

ರಾವಸಾಹೇಬ: ಎಲ್ಲಾ ಖರೇ. ಉಗಾರದಿಂದ ಬರಾವ್ರು ನನ್ನ ಬಾಗಲ ನೋಡಬೇಕಂದ್ರ ಏನ ಮಾಡಬೇಕು?

ಗಿರಿಜವ್ವ: ಹಿತ್ತಲದಿಂದ ಬರ್ರಿ ಅನ್ರಿ. ಬರಿಗೈಲೆ ಬರಬ್ಯಾಡ್ರಿ, ಒಬ್ಬೊಬ್ರು ಎರಡೆರಡ ಇಟ್ಟಂಗಿ ಹಿಡಕೊಂಡ ಬರ್ರಿ ಅನ್ರಿ. ನಿಮ್ಮ ಪಡಸಾಲಿ ಹಂಗರೆ ಒಂದೀಟ ದೊಡ್ಡದಾದೀತು.