ಕೆಂಪು ದಾರದ ಹೆಬ್ಬಾತು

ತಾರೀಖು ತಪ್ಪದವನು ಬೇರೇನೂ ತಪ್ಪಲಾರ ಎಂಬ ನಂಬಿಕೆಯ ಮೇಲೆ ನಾನು ಮೂವತ್ತು ವರ್ಷ ಸಂಬಳ ತೆಗೆದುಕೊಂಡೆ. ಹಳೆಯ ಕಲ್ಲುಗಳ ಮೇಲಿನ ಬರಹವನ್ನು ಓದಿ, ಅದರ ಕಾಲವನ್ನು ನಿರ್ಣಯಿಸುವುದು ನನ್ನ ವೃತ್ತಿಯಾಗಿತ್ತು. ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ ಎಂತಹ ದೊರೆಯ ದಾನವನ್ನೂ ನಾನು ನಂಬುತ್ತಿರಲಿಲ್ಲ. ನಿವೃತ್ತನಾಗಿ ಕೊಳ್ಳೇಗಾಲಕ್ಕೆ ಬಂದು ನೆಲೆಸಿದ ಮೇಲೆಯೂ ಈ ಚಟ ಬಿಡಲಿಲ್ಲ. ಮಗಳ ಕಾಗದ ಬಂದರೆ ಅವಳು ಹಾಕಿದ ದಿನಾಂಕವನ್ನು ಅಂಚೆಯ ಮುದ್ರೆಯೊಂದಿಗೆ ಹೋಲಿಸಿ ನೋಡಿದ ನಂತರವೇ ಕ್ಷೇಮಸಮಾಚಾರಕ್ಕೆ ಇಳಿಯುವುದು. ಇಂತಹ ಮನುಷ್ಯನ ಕೈಗೆ ಐದು ಹೆಬ್ಬಾತುಗಳ ನ್ಯಾಯ ಬಂದು ಬಿದ್ದದ್ದು ಆ ಹಕ್ಕಿಗಳ ಗ್ರಹಚಾರವೆಂದೇ ಹೇಳಬೇಕು.

ಅವು ನಮ್ಮ ಬೀದಿಯ ಕೊನೆಯ ಬಂಗಲೆಯಿಂದ ವರ್ಗವಾಗಿ ಹೋದ ಅಧಿಕಾರಿಯೊಬ್ಬರು ನಮ್ಮ ಪಾಲಿಗೆ ಬಿಟ್ಟುಹೋದವು. ಹಿತ್ತಿಲಿಗೆ ಹಾವು ಬರುವುದಿಲ್ಲ, ಕಳ್ಳ ಬಂದರೆ ಊರೇ ಎಚ್ಚರವಾಗುತ್ತದೆ ಎಂದು ಅವರು ಹೊಗಳಿದ್ದರು. ಎರಡು ಗಂಡು, ಮೂರು ಹೆಣ್ಣು. ಹಾವು ಬಂದದ್ದನ್ನು ನಾನು ಕಾಣೆ, ಕಳ್ಳರೂ ಬರಲಿಲ್ಲ. ಆದರೆ ಒಂದು ವಾರದೊಳಗೆ ಹಿತ್ತಿಲಿನಲ್ಲಿ ಒಂದು ದೌರ್ಜನ್ಯ ನಡೆಯುತ್ತಿರುವುದು ಕಣ್ಣಿಗೆ ಬಿತ್ತು. ಹೆಣ್ಣುಗಳಲ್ಲಿ ಎಲ್ಲಕ್ಕಿಂತ ಸಣ್ಣದೊಂದಿತ್ತು. ನನ್ನ ಹೆಂಡತಿ ಅದನ್ನು ಪುಟ್ಟಕ್ಕ ಎಂದು ಕರೆಯುತ್ತಿದ್ದಳು. ತೌಡು ಕಲಸಿಟ್ಟ ಕಲ್ಲುಬಾನಿಯ ಹತ್ತಿರ ಅದು ಬಂದರೆ ಸಾಕು, ಗಂಡೊಂದು ಕತ್ತು ನೀಳ ಮಾಡಿಕೊಂಡು ಬುಸುಗುಟ್ಟುತ್ತ ನುಗ್ಗಿ, ಅದರ ಹೆಡಕನ್ನು ಕಚ್ಚಿ ಎಳೆದಾಡುತ್ತಿತ್ತು. ಹೆಡಕಿನ ಗರಿ ಹೋಗಿ ಚರ್ಮ ಕೆಂಪಗೆ ಕಾಣತೊಡಗಿತ್ತು. ಪುಟ್ಟಕ್ಕ ದಿನದಿನಕ್ಕೆ ಹಗುರಾಗುತ್ತಿದೆ, ಎತ್ತಿಕೊಂಡರೆ ಮೊರ ಎತ್ತಿದಂತಿದೆ ಎಂದು ಹೆಂಡತಿ ಹೇಳಿದಳು.

ಇನ್ನೊಂದು ಬಾನಿಯನ್ನು ದೂರದಲ್ಲಿಡೋಣ, ಸೊಪ್ಪನ್ನು ಒಂದೇ ಕಡೆ ಸುರಿಯದೆ ಹಿತ್ತಿಲ ತುಂಬ ಚೆಲ್ಲೋಣ ಎಂಬುದು ಅವಳ ಸಲಹೆ. ನೆರೆಯವರು ಮೂಲೆಗೆ ಹಾಕಿದ್ದ ಹಳೆಯ ಚಂದ್ರಿಕೆಯೊಂದನ್ನು, ಎಂದರೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯನ್ನು, ಅವಳೇ ಹೊತ್ತು ತಂದು ಎರಡು ಬಾನಿಗಳ ನಡುವೆ ಮರೆಯಾಗಿ ನಿಲ್ಲಿಸಿದಳು. ಪುಟ್ಟಕ್ಕ ಅಂದು ಹೊಟ್ಟೆ ತುಂಬ ತಿಂದಿತು. ತಿಳಿವಳಿಕೆಯಿರುವ ಯಾವ ಮನುಷ್ಯನಾದರೂ ಅಲ್ಲಿಗೆ ವಿಷಯವನ್ನು ಬಿಡುತ್ತಿದ್ದ. ನಾನು ಹಾಗಲ್ಲ. ಉಪಶಮನವೇ ಬೇರೆ, ಮೂಲಕಾರಣದ ಶೋಧನೆಯೇ ಬೇರೆ ಎಂದು ಅವಳಿಗೆ ವಿವರಿಸಿದೆ. ಅವಳು ತೌಡಿನ ಕೈ ತೊಳೆದುಕೊಳ್ಳಲು ಹೋದಳು.

ಅಪರಾಧಿಯನ್ನು ಗುರುತಿಸಬೇಕಲ್ಲ? ಐದೂ ಬಿಳಿಯ ಹಕ್ಕಿಗಳು. ರೇಷ್ಮೆ ನೇಯುವವರ ಮನೆಯಿಂದ ಬಣ್ಣಬಣ್ಣದ ತುಂಡುದಾರ ತರಿಸಿ, ಹುರಿ ಮಾಡಿ, ಬಳೆಯಂತೆ ಹೊಲಿದು, ಒಂದೊಂದರ ಕಾಲಿಗೆ ತೊಡಿಸಿದೆ. ಗಂಡುಗಳಿಗೆ ಕೆಂಪು, ಹಸಿರು; ಹೆಣ್ಣುಗಳಿಗೆ ಹಳದಿ, ಕಪ್ಪು, ನೀಲಿ. ಪುಟ್ಟಕ್ಕ ನನ್ನ ದಫ್ತರಿನಲ್ಲಿ ನೀಲಿಯಾಯಿತು. ಹಿಂಬದಿಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ದಿನ, ತಿಥಿ, ಹೊತ್ತು ಸಹಿತವಾಗಿ ಯಾರು ಯಾರನ್ನು ಕಚ್ಚಿದರೆಂದು ಬರೆಯತೊಡಗಿದೆ. ಮೊದಲ ದಿನಗಳ ಸಾಕ್ಷ್ಯ ಸ್ಪಷ್ಟವಾಗಿತ್ತು. ಕಚ್ಚುತ್ತಿದ್ದುದು ಕೆಂಪು. ಹಸಿರು ಪಾಪ, ನೀಲಿಯ ಪಕ್ಕದಲ್ಲಿ ನಿಂತು ಅದಕ್ಕೆ ತಿನ್ನಲು ಬಿಡುತ್ತಿತ್ತು. ಕೆಂಪು ಬಂದರೆ ರೆಕ್ಕೆ ಬಿಚ್ಚಿ ಅಡ್ಡ ನಿಲ್ಲುತ್ತಿತ್ತು.

ಆಮೇಲೆ ಒಂದು ವಿಚಿತ್ರ ಕಂಡಿತು. ಕೆಂಪು ಇದ್ದಕ್ಕಿದ್ದಂತೆ ಸಾಧುವಾಯಿತು, ಹಸಿರು ಕಚ್ಚಲಾರಂಭಿಸಿತು. ಇಂತಹ ವೈರುಧ್ಯ ಎದುರಾದಾಗ ಓದುಬರಹವಿಲ್ಲದವನು ಎದ್ದುಹೋಗಿ ಹಕ್ಕಿಯನ್ನು ನೋಡುತ್ತಾನೆ. ನಾನು ಅದನ್ನು ವ್ಯಾಖ್ಯಾನಿಸಿದೆ. ಆ ಎರಡು ಟಿಪ್ಪಣಿಗಳು ಈಗಲೂ ನನ್ನ ದಫ್ತರಿನಲ್ಲಿವೆ: 'ಕೆಂಪಿನ ನಡತೆಯಲ್ಲಿ ಸುಧಾರಣೆ, ಬಹುಶಃ ಕಪಟ' ಎಂಬುದು ಒಂದು. 'ಹಸಿರು ದುಷ್ಟಸಹವಾಸದಿಂದ ಕೆಟ್ಟಿದೆ. ಮೂಲವನ್ನು ನಿವಾರಿಸಿದರೆ ಸರಿಹೋಗಬಹುದು' ಎಂಬುದು ಇನ್ನೊಂದು. ಬರೆದ ದಿನ ಆ ವಾಕ್ಯಗಳನ್ನು ಎರಡು ಸಲ ಓದಿಕೊಂಡು ಸಂತೋಷಪಟ್ಟಿದ್ದೆನೆಂಬುದನ್ನೂ ಒಪ್ಪಿಕೊಳ್ಳಬೇಕು.

ಮೂಲವನ್ನು ನಿವಾರಿಸುವ ದಾರಿಯಾಗಿ ಒದಗಿದವನು ಮಾಂಬಳ್ಳಿಯ ಮಾದಪ್ಪ. ತಿಂಗಳಿಗೊಮ್ಮೆ ನಮಗೆ ನೆಲ್ಲು, ತೌಡು ತಂದುಕೊಡುವ ರೈತ. ಕೆರೆಯ ಪಕ್ಕದ ಅವನ ಮನೆಯಲ್ಲಿ ಆಗಲೇ ಒಂದು ಹಿಂಡು ಹೆಬ್ಬಾತುಗಳಿದ್ದವು. ಇನ್ನೊಂದು ಗಂಡಾದರೆ ಆಗಬಹುದೆಂದಿದ್ದ. ನಮ್ಮ ಊರು ಮದರಾಸು ಸರಕಾರದ ಕೈಕೆಳಗೆ, ಅವನ ಊರು ಮೈಸೂರಿಗೆ ಸೇರಿದ್ದು. ಪುಂಡನನ್ನು ಹಿತ್ತಿಲಿನಿಂದಷ್ಟೇ ಅಲ್ಲ, ರಾಜ್ಯದಿಂದಲೇ ಗಡೀಪಾರು ಮಾಡುತ್ತಿದ್ದೇನೆಂಬ ಗಾಂಭೀರ್ಯ ನನಗೆ ಬಂದಿತ್ತು. ಮಾದಪ್ಪ ಕುಕ್ಕೆ ಹಿಡಿದು ಹಿತ್ತಿಲಿಗೆ ಬಂದರೆ, ಕೆಂಪು ದಾರದ ಗಂಡು ಓಡಲೂ ಇಲ್ಲ. ಅವನ ತೊಡೆಗೆ ಒರಗಿ ನಿಂತುಕೊಂಡಿತು.

"ಇದಾ ಸಾ ಪುಂಡ?" ಎಂದ ಅವನು. "ಮಕ ನೋಡುದ್ರೆ ಅಂಗ್ ಕಾಣಲ್ವಲ್ಲ."

ನಾನು ದಫ್ತರನ್ನು ತೆರೆದು ತೋರಿಸಿದೆ. ಅವನು ಹಾಳೆಗಳನ್ನು ಭಕ್ತಿಯಿಂದ ನೋಡಿ, "ಬುಕ್ನಲ್ಲಿ ಅದೆ ಅಂದ್ಮೇಲೆ ಇನ್ನೇನು, ಸರಿ ಬುಡಿ" ಎಂದು ಕುಕ್ಕೆಗೆ ಹಾಕಿಕೊಂಡ. ಸಾಲದ್ದಕ್ಕೆ, ಈ ಹಕ್ಕಿಯು ಸ್ವಭಾವತಃ ಕಲಹಪ್ರಿಯವೆಂದೂ ಯಾವ ಹಿಂಡಿನಲ್ಲಿಯೂ ಮೇಲುಗೈ ಸಾಧಿಸುವುದೆಂದೂ ಒಂದು ಚೀಟಿ ಬರೆದು, ದಿನಾಂಕ ಹಾಕಿ, ರುಜು ಮಾಡಿ ಅವನಿಗೆ ಕೊಟ್ಟೆ. ಪುಟ್ಟಕ್ಕ ಬೇಲಿಯವರೆಗೂ ಅವನ ಗಾಡಿಯ ಹಿಂದೆ ಓಡಿತು. ಅದನ್ನು ಬಿಡುಗಡೆಯ ಸಂಭ್ರಮವೆಂದು ದಾಖಲಿಸಿದೆ.

ಮರುದಿನದಿಂದ ಪುಟ್ಟಕ್ಕ ಬೇಲಿ ಬಿಟ್ಟು ಕದಲಲಿಲ್ಲ. ಹಗಲೆಲ್ಲ ಕೂಗು. ಬಾನಿಗೆ ಬಂದರೆ ಹಸಿರು ಗಂಡು ಚಂದ್ರಿಕೆಯನ್ನೂ ಕೆಡವಿಕೊಂಡು ಮೇಲೆ ಬೀಳುತ್ತಿತ್ತು. ನಾಲ್ಕನೆಯ ದಿನ ಹೆಂಡತಿ ಅದನ್ನು ಮಡಿಲಲ್ಲಿಟ್ಟುಕೊಂಡು, ಹೆಡಕಿನ ಗಾಯಕ್ಕೆ ಅರಿಶಿನ ಹಚ್ಚುತ್ತ, ತಲೆ ಎತ್ತದೆ ಕೇಳಿದಳು: "ಕಚ್ಚೋದನ್ನ ಇಟ್ಕೊಂಡು, ಕಾಯೋದನ್ನ ಯಾಕೆ ಕೊಟ್ಬಿಟ್ರಿ?"

ಕೆಂಪಿನ ಅಪರಾಧಗಳ ಪಟ್ಟಿಯನ್ನು ನಾನು ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

"ಆ ಕಚ್ಚೋ ದೊಡ್ಡದಕ್ಕೆ ಕೆಂಪು ಬಳೆ ಬಿಗಿಯಾಗಿ ಕಾಲು ಊದ್ಕೊಂಡಿತ್ತು. ಹಸಿರು ಸಡಿಲಾಗಿತ್ತು. ಅದಕ್ಕೆ ಒಂದರದ್ದು ಒಂದಕ್ಕೆ ಹಾಕ್ದೆ. ನಿಮಗೆ ಹೇಳಿದ್ನಲ್ಲ."

ಯಾವಾಗ ಎಂದು ಕೇಳಿದೆ. ಅಂತಹ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ಅದೊಂದೇ ಪ್ರಶ್ನೆ.

"ನೀವು ಭೂತಗನ್ನಡಿ ಹಿಡ್ಕೊಂಡು ಕೂತಿದ್ರಿ. ಹೂಂ ಅಂದ್ರಿ."

ದಫ್ತರನ್ನು ಬಿಚ್ಚಿ ನೋಡಿದೆ. ಕಲ್ಲೊಂದರ ಪಡಿಯಚ್ಚನ್ನು ಓದುತ್ತಿದ್ದುದರಿಂದ ಬೆಳಗಿನ ವೀಕ್ಷಣೆ ನಡೆಯಲಿಲ್ಲವೆಂದು ನಾನೇ ಬರೆದಿದ್ದ ದಿನವೊಂದಿತ್ತು. ಕೆಂಪು ಸಾಧುವಾದದ್ದೂ ಹಸಿರು ಕೆಟ್ಟದ್ದೂ ಅಂದಿನ ಸಂಜೆಯಿಂದಲೇ. ಪಂಚಾಂಗ ತೆಗೆದು ವಾರವನ್ನು ತಾಳೆ ನೋಡಿದೆ, ತಪ್ಪಿರಲಿಲ್ಲ. ನನ್ನ ತಾರೀಖುಗಳೆಲ್ಲ ಸರಿಯಾಗಿಯೇ ಇದ್ದವು. ಒಂದು ಕಾಲದಲ್ಲಿ, ಒಂದೇ ಹೆಸರಿನ ಇಬ್ಬರು ಪಾಳೆಯಗಾರರನ್ನು ಒಬ್ಬನೆಂದು ಬಗೆದಿದ್ದ ಕಿರಿಯ ಸಹೋದ್ಯೋಗಿಯೊಬ್ಬನ ಮೇಲೆ ನಾನು ನಾಲ್ಕು ಪುಟದ ಖಂಡನೆ ಬರೆದಿದ್ದೆ. ಬಹಳ ಮೆಚ್ಚುಗೆ ಬಂದಿತ್ತು. ಆತ ಆಮೇಲೆ ಏನನ್ನೂ ಪ್ರಕಟಿಸಲಿಲ್ಲ. ಅದೇಕೆ ಆ ಕ್ಷಣದಲ್ಲಿ ನೆನಪಾಯಿತೆಂದು ಹೇಳಬೇಕಾಗಿಲ್ಲ.

ಮರುದಿನ ಮೊದಲ ಬಸ್ಸಿಗೇ ಮಾಂಬಳ್ಳಿಗೆ ಹೊರಟೆ. ಕುಕ್ಕೆಯ ಜೊತೆಗೆ, ಹೆಂಡತಿ ಕಟ್ಟಿಕೊಟ್ಟಿದ್ದ ತೌಡಿನ ಉಂಡೆ. ದಾರಿಯುದ್ದಕ್ಕೂ ಮಾದಪ್ಪನಿಗೆ ನನ್ನ ಪ್ರಮಾದವನ್ನು ಯಾವ ಮಾತಿನಲ್ಲಿ ನಿವೇದಿಸುವುದೆಂದು ಯೋಚಿಸಿದೆ. ಮಾತು ಬೇಕಾಗಲಿಲ್ಲ. ನನ್ನ ಕೈಯ ಕುಕ್ಕೆ ನೋಡಿದೊಡನೆಯೇ ಅವನು ಹೆಗಲ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

"ನಮ್ಮವು ಸೇರ್ಸ್ಕಲಿಲ್ಲ ಸಾ. ಮೂರೂ ಗಂಡು ಒಟ್ಗೆ ಬಿದ್ವು. ಇದು ತಿರ್ಗಿ ಒಂದ್ ಸಲಾನೂ ಕಚ್ನಿಲ್ಲ."

ಬಿಡಿಸಬಾರದಿತ್ತೇ ಎಂದೆ.

"ಬುಡುಸ್ತಿದ್ದೆ. ನೀವೇ ಚೀಟಿ ಬರ್ದು ಕೊಟ್ಟಿದ್ರಲ್ಲ, ಬಾರಿ ಪುಂಡ ಅಂತವ. ಎಂಗೂ ತಾನೇ ನೋಡ್ಕತದೆ ಅಂತ ಸುಮ್ನಾದೆ."

ಚೀಟಿಯನ್ನು ಅವನು ಜೋಪಾನವಾಗಿ ಇಟ್ಟಿದ್ದ. ಗೋಡೆಯ ಗೂಡಿನಿಂದ ತೆಗೆದು ನನ್ನ ಕೈಗೆ ಕೊಟ್ಟ. ಕೆಂಪು ದಾರದ ಬಳೆಯನ್ನೂ ಕೊಟ್ಟ. ಎಂದು ಸತ್ತಿತೆಂದು ಕೇಳಿದೆ. ಸೋಮವಾರವೋ ಮಂಗಳವಾರವೋ, ಬೆಳಿಗ್ಗೆ ಎದ್ದು ನೋಡಿದಾಗ ಕೆರೆಯ ಏರಿಯ ಮೇಲೆ ಬಿದ್ದಿತ್ತು, ಕೊಳ್ಳೇಗಾಲದ ರಸ್ತೆಯ ಕಡೆಗೆ ಅಷ್ಟು ದೂರ ನಡೆದಿತ್ತು ಎಂದ. ಇನ್ನೊಂದೆರಡು ಪ್ರಶ್ನೆ ಹಾಕಿದ್ದರೆ ದಿನ ಖಚಿತವಾಗುತ್ತಿತ್ತು. ಹಾಕಲಿಲ್ಲ. ತೌಡಿನ ಉಂಡೆಯನ್ನು ಅವನ ಎಮ್ಮೆಗೆ ಕೊಟ್ಟು ಬಂದೆ.

ದಫ್ತರಿನ ಕೊನೆಯ ಹಾಳೆಯಲ್ಲಿ ತಿದ್ದುಪಡಿ ಬರೆದಿದ್ದೇನೆ: ಇಂತಹ ದಿನದಿಂದ ಮುಂದಕ್ಕೆ ಕೆಂಪು ಎಂದಿರುವಲ್ಲೆಲ್ಲ ಹಸಿರು ಎಂದೂ ಹಸಿರು ಎಂದಿರುವಲ್ಲೆಲ್ಲ ಕೆಂಪು ಎಂದೂ ಓದಿಕೊಳ್ಳತಕ್ಕದ್ದು. ಅದರ ಕೆಳಗೆ ಗಂಡು ಹೆಬ್ಬಾತಿನ ಮರಣದ ಒಂದು ಸಾಲಿದೆ. ತಾರೀಖಿನ ಜಾಗ ಖಾಲಿ. ನನ್ನ ಕೈಬರಹದಲ್ಲಿ ಅಂತಹ ಖಾಲಿ ಜಾಗ ಬೇರೆಲ್ಲಿಯೂ ಸಿಗಲಾರದು.

ಈಗ ದಿನಕ್ಕೆರಡು ಹೊತ್ತು ಪುಟ್ಟಕ್ಕನ ಬಾನಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು, ಕೋಲು ಹಿಡಿದು ಕೂರುವವನು ನಾನು. ಹೆಡಕಿನಲ್ಲಿ ಗರಿ ಮತ್ತೆ ಮೂಡುತ್ತಿದೆ. ದೊಡ್ಡ ಗಂಡು ಆಗಾಗ ಹಿಂದಿನಿಂದ ಬಂದು ನನ್ನ ಮೀನಖಂಡವನ್ನು ಕಚ್ಚುತ್ತದೆ. ಅದನ್ನು ನಾನು ಎಲ್ಲಿಯೂ ಬರೆದಿಡುತ್ತಿಲ್ಲ. ಅಡ್ಡ ನಿಲ್ಲಲು ನನಗೆ ರೆಕ್ಕೆಯಿಲ್ಲ, ಪಂಚೆಯನ್ನೇ ಬಿಚ್ಚಿ ಹಿಡಿಯಬೇಕಾಗುತ್ತದೆ. ನೆರೆಯವರು ನೋಡಿಯೂ ನೋಡದಂತಿರುವ ಸಜ್ಜನರು.

ನಿನ್ನೆ ಸಂಜೆ ಹೀಗೆಯೇ ಕುಳಿತಿದ್ದಾಗ ಬಾಗಿಲಿನ ಕಡೆಯಿಂದ ಹೆಂಡತಿ ಏನೋ ಹೇಳಿದಳು. ರೂಢಿಯಂತೆ ಹೂಂ ಎಂದುಬಿಟ್ಟೆ. ಕೋಲನ್ನು ಅಲ್ಲಿಯೇ ಬಿಟ್ಟು ಎದ್ದುಹೋಗಿ, ಏನು ಹೇಳಿದೆ, ಇನ್ನೊಮ್ಮೆ ಹೇಳು ಎಂದು ಕೇಳಿದೆ.

"ನಿಮಗಲ್ಲ ಹೇಳಿದ್ದು, ಪುಟ್ಟಕ್ಕನಿಗೆ" ಎಂದಳು. "ಅವಳು ಕೇಳಿಸ್ಕೊಂಡ್ಲು."