ಟ್ಯಾಂಕಿಗೆ ಎರಡು ಬಟಾಣಿ

ಇವತ್ತು ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಡಿಶ್‌ವಾಷರ್‌ನಿಂದ ಪಾತ್ರೆ ತೆಗೆದು ಜೋಡಿಸಿದೆ. ಬಿಸಿಬೇಳೆಬಾತಿಗೆ ಬೇಳೆ ಬೇಯಲಿಟ್ಟೆ. ಗರಾಜಿಗೆ ಹೋಗಿ ಎರಡೂ ಕಾರು ಒರೆಸಿದೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಮೆತ್ತಿಕೊಂಡಿದ್ದ ಒಣಹುಲ್ಲು ಕೆರೆದೆ, ಹಿಮ ತಳ್ಳುವ ಯಂತ್ರವನ್ನು ಮೂಲೆಯಿಂದ ಎಳೆದು ತಂದೆ. ಅವಕ್ಕೆಲ್ಲ, ಜೊತೆಗೆ ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ಲ್ಯಾಪ್‌ಟಾಪುಗಳಿಗೂ ಅರಿಶಿನ ಕುಂಕುಮ ಇಟ್ಟೆ. ಶಾಮ್‌ಬರ್ಗ್‌ನಲ್ಲಿರುವ ಮಗಳಿಗೆ ಫೋನ್ ಮಾಡಿ ನಿನ್ನ ಕಾರಿಗೂ ಒಂದು ಬೊಟ್ಟು ಇಡು ಎಂದು ನೆನಪಿಸಿದೆ. ಆಮೇಲೆ ಒಂದು ಯುದ್ಧದ ಟ್ಯಾಂಕನ್ನು ಹಾಳು ಮಾಡಿದೆ.

ಇವತ್ತು ನಮ್ಮ ಮನೆಯ ಆಯುಧಪೂಜೆ. ನಿಜವಾದ ಆಯುಧಪೂಜೆ ವಾರದ ನಡುವೆಯೇ ಆಗಿಹೋಗಿದೆ. ಆದರೆ ಪಂಚಾಂಗ ಏನೇ ಹೇಳಲಿ, ಅಮೆರಿಕದ ವಿಕ್ಸಮ್‌ನ ನಮ್ಮ ಬಡಾವಣೆಗೆ ಹಬ್ಬಗಳು ಬರುವುದು ಭಾನುವಾರವೇ. ದೇವರಿಗೂ ಇಲ್ಲಿಯ ಆಫೀಸು ರಜೆಗಳು ಅಭ್ಯಾಸವಾಗಿರಬೇಕು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಕ್ಷೇಪಿಸಿಲ್ಲ.

ಇನ್ನು ಟ್ಯಾಂಕಿನ ವಿಷಯ. ನಮ್ಮವರು ವಾರೆನ್‌ನಲ್ಲಿ ಒಂದು ಕಾರು ಕಂಪನಿಯ ಎಂಜಿನಿಯರು. ಕಾರಿನ ಬಾಗಿಲುಗಳೇ ಅವರ ಜೀವನ. ಯಾರ ಮನೆಗೆ ಹೋದರೂ ಮೊದಲು ಅವರ ಕಾರಿನ ಬಾಗಿಲು ತೆಗೆದು ಹಾಕಿ, ಶಬ್ದ ಕೇಳಿಸಿಕೊಂಡು, ಆಮೇಲೆ ಒಳಗೆ ಬರುತ್ತಾರೆ. ಹೋದ ವರ್ಷ ಮೊದಲ ಹಿಮ ಬಿದ್ದ ವಾರ ಒಂದು ರಟ್ಟಿನ ಪೆಟ್ಟಿಗೆ ತಂದು ಊಟದ ಮೇಜಿನ ಮೇಲೆ ಸುರಿದರು. ಬೂದು ಬಣ್ಣದ ಪ್ಲಾಸ್ಟಿಕ್ ಚೂರುಗಳು, ಕೆಲವು ಸಾಸಿವೆಗಿಂತ ತುಸು ದೊಡ್ಡವು. ಇದು ರಷ್ಯದವರ ಟ್ಯಾಂಕು, ಫಿನ್ಲೆಂಡಿನವರು ಯುದ್ಧದಲ್ಲಿ ಇದನ್ನು ವಶಪಡಿಸಿಕೊಂಡು, ರಿಪೇರಿ ಮಾಡಿ, ಮೇಲೊಂದು ಸುತ್ತು ಹೆಚ್ಚಿನ ಕವಚ ಹೊದಿಸಿ, ರಷ್ಯದವರ ಮೇಲೆಯೇ ತಿರುಗಿಸಿದರು ಎಂದು ವಿವರಿಸಿದರು. ಅಂದಿನಿಂದ ನಾವು ಅರ್ಧ ಮೇಜಿನ ಮೇಲೆ ಊಟ ಮಾಡುತ್ತಿದ್ದೇವೆ.

ನಿಧಾನವಾಗಿ ಗೇಣುದ್ದದ ಟ್ಯಾಂಕು ಎದ್ದು ನಿಂತಿತು. ಅದಕ್ಕೆ ತಿರುಗುವ ಗೋಪುರಗಳು ಮೂರು. ಹಿಂದೆ ಒಂದು ದೊಡ್ಡದು, ಮುಂದೆ ಎರಡು ಚಿಕ್ಕವು. ಮೈಸೂರಿನಲ್ಲಿ ಅಪ್ಪ ಸ್ಕೂಟರಿನ ಮುಂದೆ ನನ್ನನ್ನೂ ತಮ್ಮನನ್ನೂ ನಿಲ್ಲಿಸಿಕೊಂಡು ಹೋಗುತ್ತಿದ್ದ ಹಾಗೆ. ಹೀಗೆಂದಾಗ ನಮ್ಮವರು ಭೂತಗನ್ನಡಿಯನ್ನು ಇನ್ನೊಂದು ಕಣ್ಣಿಗೆ ಹಿಡಿದುಕೊಂಡರು.

ಆದರೆ ಆ ಹೆಚ್ಚಿನ ಕವಚ ಇದೆಯಲ್ಲ, ಅದು ಮಾತ್ರ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ನಮ್ಮ ಮನೆಯಲ್ಲಿ ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಇದೆ. ಸೋಫಾಗೆ ಬೆಡ್‌ಶೀಟ್, ಆ ಬೆಡ್‌ಶೀಟಿನ ಮೇಲೆ ಕೂರುವ ಜಾಗದಲ್ಲಿ ಟವೆಲ್. ಒಲೆಗೆ ಸುತ್ತಲೂ ಅಲ್ಯೂಮಿನಿಯಂ ಹಾಳೆ. ಕಾರಿನ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು. "ಈ ಮನೇಲಿ ಯಾವ ಸಾಮಾನಿನ ಮುಖಾನೂ ನಾನು ನೋಡಿಲ್ಲ ಕಣೇ" ಎಂದು ನಮ್ಮವರು ಬಂದವರ ಮುಂದೆಲ್ಲ ಹೇಳುತ್ತಾರೆ. ಅಂಥವರು ಒಂದು ವರ್ಷ ಕುಳಿತು ಟ್ಯಾಂಕಿಗೆ ಕವರ್ ಹಾಕುತ್ತಿದ್ದಾರೆ! ಪ್ರಪಂಚದಲ್ಲಿ ನನ್ನ ಹಾಗೆ ಯೋಚಿಸುವ ಒಂದು ದೇಶವಾದರೂ ಇದೆಯಲ್ಲ ಎಂದು ಸಮಾಧಾನವಾಯಿತು.

ಇಷ್ಟೆಲ್ಲ ಯಾರಿಗಾಗಿ ಎಂದರೆ, ತೊಯ್ವೊ ಅವರಿಗಾಗಿ. ತೊಯ್ವೊ ನಮ್ಮವರ ಮೊದಲ ಮೇಲಧಿಕಾರಿ. ಮಿಷಿಗನ್ನಿನ ಉತ್ತರ ತುದಿಯಲ್ಲಿ ಬೆಳೆದವರು, ತಂದೆ ಯುದ್ಧ ಮುಗಿದ ಮೇಲೆ ಫಿನ್ಲೆಂಡಿನಿಂದ ಅಲ್ಲಿಗೆ ಬಂದವರು. ಬೆಂಗಳೂರಿನಿಂದ ಬಂದಿಳಿದ ಹುಡುಗನಿಗೆ ಹಿಮದಲ್ಲಿ ಕಾರು ಓಡಿಸುವುದರಿಂದ ಹಿಡಿದು ಬಾಗಿಲಿನ ಹಿಂಜಿನವರೆಗೆ ಎಲ್ಲ ಕಲಿಸಿದ್ದು ಅವರೇ. ಆದರೆ ಹೊಗಳಿಕೆ ಮಾತ್ರ ಅವರ ಬಾಯಿಂದ ಬಿದ್ದದ್ದಿಲ್ಲ. ಅವರ ಲೆಕ್ಕದಲ್ಲಿ ಅತ್ಯುತ್ತಮವಾದ ಕೆಲಸಕ್ಕೆ ಸಿಗುವ ಪದವಿ "ನಡೆಯುತ್ತೆ" ಎನ್ನುವುದು. ನಮ್ಮವರಿಗೆ ಕಂಪನಿ ಬಹುಮಾನ ಬಂದ ದಿನವೂ ನಡೆಯುತ್ತೆ ಎಂದೇ ಹೇಳಿ ಕಾಫಿ ಕುಡಿಯಲು ಹೋದರಂತೆ. ಆ ರಾತ್ರಿ ಇವರು ಅನ್ನಕ್ಕೆ ಸಾರು ಹಾಕಿಕೊಳ್ಳುವುದನ್ನೇ ಮರೆತು ಊಟ ಮಾಡಿದ್ದು ನನಗೆ ನೆನಪಿದೆ. ಈಗ ತೊಯ್ವೊಗೆ ವಯಸ್ಸಾಗಿದೆ, ವೃದ್ಧರ ವಸತಿಯಲ್ಲಿದ್ದಾರೆ, ಕಣ್ಣು ಮಂಜಾಗುತ್ತಾ ಇದೆ. ಅವರ ತಂದೆ ಇಂಥದೇ ಟ್ಯಾಂಕಿನ ಚಾಲಕರಾಗಿದ್ದರು. ಕಣ್ಣು ಪೂರ್ತಿ ಹೋಗುವುದರೊಳಗೆ ಇದನ್ನು ಅವರ ಕೈಗಿಡಬೇಕು, ಒಂದು ಸಲವಾದರೂ ಒಳ್ಳೆಯ ಕೆಲಸ ಎನ್ನಿಸಿಕೊಳ್ಳಬೇಕು. ಇದನ್ನು ನಮ್ಮವರು ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಇವತ್ತು ಸಂಜೆ ತೊಯ್ವೊ ನಮ್ಮಲ್ಲಿ ಊಟಕ್ಕೆ. ಕರೆದುಕೊಂಡು ಬರಲು ಹೊರಟ ನಮ್ಮವರು ಬಾಗಿಲಲ್ಲಿ ನಿಂತು, ಮೇಜಿನ ಮೇಲಿರುವುದನ್ನು ಮುಟ್ಟಬೇಡ, ಒರೆಸಬೇಡ, ಕವರ್ ಹಾಕಬೇಡ ಎಂದು ಹೇಳಿಹೋದರು. ಪೂಜೆ ಮಾಡಬೇಡ ಎಂದು ಹೇಳಲಿಲ್ಲ.

ನೀವೇ ಹೇಳಿ, ಮನೆಯಲ್ಲಿ ಗಾಲಿ ಇರುವುದಕ್ಕೆಲ್ಲ ಕುಂಕುಮ ಇಟ್ಟು, ನಿಜವಾಗಿ ಆಯುಧವಾಗಿರುವ ಒಂದೇ ಒಂದನ್ನು ಬಿಡುವುದು ಪಂಕ್ತಿಭೇದವಲ್ಲವೇ? ಮೂರು ಗೋಪುರಗಳಿಗೂ ಊದುಬತ್ತಿ ಕಡ್ಡಿಯ ತುದಿಯಿಂದ ಸಣ್ಣ ಸಣ್ಣ ಬೊಟ್ಟು ಇಟ್ಟೆ. ಕಾರುಗಳ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಗೇಣುದ್ದದ ಟ್ಯಾಂಕಿಗೆ ನಿಂಬೆಹಣ್ಣು ಎಂದರೆ ಗುಡ್ಡವಾಗುತ್ತದೆ. ಯೋಚಿಸಿ, ಫ್ರೀಜರಿನಿಂದ ಎರಡು ಬಟಾಣಿ ತಂದು ಎಡಕ್ಕೊಂದು ಬಲಕ್ಕೊಂದು ಇಟ್ಟು, ಮೆಲ್ಲಗೆ ಹಿಂದಿನಿಂದ ತಳ್ಳಿದೆ. ಫ್ರೀಜರಿನ ಬಟಾಣಿ ಕಲ್ಲಿನ ಹಾಗಿರುತ್ತದೆ ಎಂಬುದು ಆಮೇಲೆ ಹೊಳೆಯಿತು. ಬಟಾಣಿಗಳು ಆಚೀಚೆ ಹಾರಿದವು. ಟ್ಯಾಂಕು ಜಾರಿ ಕುಂಕುಮದ ಹಿತ್ತಾಳೆ ಬಟ್ಟಲಿಗೆ ಡಿಕ್ಕಿ ಹೊಡೆಯಿತು. ಮೂತಿಯ ಮೇಲಿದ್ದ, ಉಗುರಿನಷ್ಟಗಲದ ಒಂದು ಕವಚದ ತುಂಡು ಟಿಕ್ ಎಂದು ಕಳಚಿ ಬಿತ್ತು.

ಅದು ಹೋಗಲಿ ಎನ್ನಬಹುದಿತ್ತು. ತುಂಡು ಬಿದ್ದ ಜಾಗದಲ್ಲಿ, ಮೇಲಿನ ಬಣ್ಣವಲ್ಲದ ಬೇರೆಯೇ ಒಂದು ಹಳೆಯ ಹಸಿರು, ಅದರ ನಡುವೆ ಸುತ್ತಲೂ ಕರಿ ಹಿಡಿದ ಒಂದು ತೂತು. ಬಟ್ಟಲಿಗೆ ಹೊಡೆದು ನಾನೇ ತೂತು ಮಾಡಿದೆ ಎಂದುಕೊಂಡೆ. ಮಗಳಿಗೆ ಫೋನ್ ಮಾಡಿದರೆ, ಅವಳು "ಅಮ್ಮಾ, ಯೂ ಗೇವ್ ಇಟ್ ಪೀಸ್?" ಎಂದು ಕೇಳಿ ನಗಲು ಶುರುಮಾಡಿದಳು. ಬಟಾಣಿಯೋ ಶಾಂತಿಯೋ, ಇಂಗ್ಲಿಷಿನಲ್ಲಿ ಕಿವಿಗೆ ಎರಡೂ ಒಂದೇ. ಇವರ ಅಂಟಿನ ಡಬ್ಬಿಗಳ ಮೇಲೆ ಬರೆದಿದ್ದ ಎಚ್ಚರಿಕೆ ಓದಿಯೇ ಹೆದರಿಕೆಯಾಯಿತು. ಕೊನೆಗೆ ಚಿಕ್ಕಂದಿನಲ್ಲಿ ಲಕೋಟೆ ಅಂಟಿಸುತ್ತಿದ್ದ ವಿದ್ಯೆಯೇ ಕೈಹಿಡಿಯಿತು. ಒಂದಗುಳು ಅನ್ನ ನುರಿದು, ತುಂಡನ್ನು ತೂತಿನ ಮೇಲೆ ಒತ್ತಿದೆ. ಕುಂಕುಮ ಒರೆಸಲು ಹೋದರೆ ಅದು ಇನ್ನಷ್ಟು ಹರಡಿತು. ಬಿಟ್ಟೆ.

ತೊಯ್ವೊ ಬಂದರು. ಎರಡು ಸ್ವೆಟರು, ಅದರ ಮೇಲೆ ಕೋಟು. ಮನುಷ್ಯ ನನ್ನ ಪಂಗಡದವರೇ. ಕುರ್ಚಿಯಲ್ಲಿ ಕೂರಿಸಿ ನಮ್ಮವರು ಟ್ಯಾಂಕನ್ನು ಅವರ ಎದುರಿಗಿಟ್ಟು, ಕೈಕಟ್ಟಿ ಪಕ್ಕದಲ್ಲಿ ನಿಂತರು, ಪರೀಕ್ಷೆಗೆ ನಿಂತ ಹಾಗೆ. ತೊಯ್ವೊ ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿದರು. ದೊಡ್ಡ ಗೋಪುರ, ಚಿಕ್ಕ ಗೋಪುರ, ಚಕ್ರಗಳಿಗೆ ಸುತ್ತಿದ ಪಟ್ಟಿಯ ಒಂದೊಂದು ಹಲ್ಲು. ಬೆರಳಿಗೆ ಕುಂಕುಮ ಮೆತ್ತಿಕೊಂಡಿತು. ಬಣ್ಣ ಇನ್ನೂ ಒಣಗಿಲ್ಲವೇ ಎಂದು ಕೇಳಿದರು. ನಮ್ಮವರು ನನ್ನ ಕಡೆ ನೋಡಿದರು. ವರ್ಷಕ್ಕೊಮ್ಮೆ ನಾವು ದುಡಿಯುವ ಯಂತ್ರಗಳಿಗೆ ಹೀಗೆ ನಮಸ್ಕಾರ ಹೇಳುತ್ತೇವೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಲೆಯಾಡಿಸಿ ಮೂತಿಯ ಕಡೆ ಬೆರಳು ತಂದರು. ತುಂಡು ಅವರ ಕೈಗೇ ಬಂತು, ಹಿಂದೆ ಅಗುಳೂ ಬಂತು.

ನಮ್ಮವರು ಅದನ್ನು ನೋಡಿ ಕನ್ನಡದಲ್ಲಿ, ಬಹಳ ಮೆಲ್ಲಗೆ, "ಅನ್ನ ಹಾಕಿ ಅಂಟಿಸಿದೀಯೇನೇ?" ಎಂದರು.

"ಸೋನಾ ಮಸೂರಿ ಕಣ್ರೀ. ಬಾಸುಮತಿ ಅಂಟಲ್ಲ" ಎಂದೆ. ಬೇರೇನು ಹೇಳಲಿ?

ತೊಯ್ವೊ ಮಾತ್ರ ನಮ್ಮಿಬ್ಬರ ಕಡೆ ಗಮನವಿಲ್ಲದೆ, ತೂತಿನ ಅಂಚನ್ನು ಉಗುರಿನಿಂದ ಸವರುತ್ತಿದ್ದರು. ಭೂತಗನ್ನಡಿ ಕೇಳಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇದು ಒಳಗಿನ ರಷ್ಯದ ಹಸಿರಲ್ಲವೇ ಎಂದರು. ಹೌದು ಎಂದರು ಇವರು. ಈ ತೂತು ನೀನೇ ಮಾಡಿದ್ದೇ? ಹೌದು. ಆಮೇಲೆ ಮೇಲೆ ಪ್ಲೇಟು ಮುಚ್ಚಿ ಅಂಟಿಸಿಬಿಟ್ಟೆಯಾ, ಯಾರಿಗೂ ಕಾಣದ ಹಾಗೆ? ಇವರು ನೆಲ ನೋಡುತ್ತಾ ಹೌದು ಎಂದರು. ಅಷ್ಟು ಹೊತ್ತು ಕೊಲೆ ಮಾಡಿದವಳ ಹಾಗೆ ನಿಂತಿದ್ದ ನನಗೆ ತೂತು ನಾನು ಮಾಡಿದ್ದಲ್ಲ ಎಂದು ಆಗಲೇ ಗೊತ್ತಾದದ್ದು.

ತೊಯ್ವೊ ನಿಧಾನವಾಗಿ ಹೇಳಿದರು. ಅವರ ತಂದೆಯ ಸೀಟಿನ ಎದುರಿಗೂ ಇಂಥದೊಂದು ತೇಪೆ ಇತ್ತಂತೆ. ಮೊದಲು ಆ ಸೀಟಿನಲ್ಲಿ ಕುಳಿತಿದ್ದ ರಷ್ಯದವನು ಸತ್ತದ್ದು ಆ ತೂತಿನಿಂದಲೇ. ಹೊಡೆದವರು ತಂದೆಯ ಕಡೆಯ ಫಿನ್ಲೆಂಡಿನವರೇ. "ಎಲ್ಲಿ ತೆಳು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊಡೆದವರು ಅವರೇ ಅಲ್ಲವೇ. ಅದಕ್ಕೇ ಅಲ್ಲೇ ದಪ್ಪ ಮಾಡಿದರು." ತಂದೆ ಪ್ರತಿದಿನ ಹತ್ತುವ ಮುಂಚೆ ಆ ತೇಪೆಯ ಮೇಲೆ ಅಂಗೈ ಇಡುತ್ತಿದ್ದರಂತೆ. ಯಾಕೆ ಎಂದು ಕೇಳಿದರೆ ಹೇಳುತ್ತಿರಲಿಲ್ಲವಂತೆ. ತೊಯ್ವೊ ಕುಂಕುಮದ ಬೆರಳನ್ನು ಆ ತೂತಿನ ಮೇಲೆ ಒಂದು ಕ್ಷಣ ಇಟ್ಟರು. ಆಮೇಲೆ ನಮ್ಮವರ ಕಡೆ ತಿರುಗಿ, "ಒಳ್ಳೆಯ ಕೆಲಸ" ಎಂದರು.

ನಮ್ಮವರು ಗರಾಜಿನಲ್ಲಿ ಏನೋ ಬಿಟ್ಟಿದ್ದೇನೆ ಎಂದು ಎದ್ದುಹೋದರು. ಗರಾಜಿನಲ್ಲಿ ಅವರು ಏನೂ ಬಿಟ್ಟಿರಲಿಲ್ಲ. ನಾನು ಬಾತಿಗೆ ಒಗ್ಗರಣೆ ಹಾಕುತ್ತಾ ಯೋಚಿಸಿದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಈ ಮನುಷ್ಯ ಎಲ್ಲಿ ತೆಳು ಎಂದು ನನಗೂ ಗೊತ್ತಿದೆ. ಹೇಗೆ ಗೊತ್ತಾಯಿತು ಎಂದು ಮಾತ್ರ ಯಾರೂ ಕೇಳದಿದ್ದರೆ ಸಾಕು. ಒಳಗೆ ಬಂದವರ ಕಣ್ಣು ಕೆಂಪಗಿತ್ತು. ಒಗ್ಗರಣೆ ಘಾಟು ಎಂದು ನಾನೇ ಹೇಳಿ ಕಿಟಕಿ ತೆಗೆದೆ.

ಊಟಕ್ಕೆ ಬಿಸಿಬೇಳೆಬಾತು, ಹಪ್ಪಳ, ಹೆಸರುಬೇಳೆ ಪಾಯಸ. ತೊಯ್ವೊ ಬಾತನ್ನು ಎರಡು ಚಮಚ ತಿಂದು, ಮಜ್ಜಿಗೆಯನ್ನು ಮಾತ್ರ ಮೂರು ಲೋಟ ಕುಡಿದರು. ಅವರಮ್ಮನೂ ಊಟದ ಜೊತೆ ಇಂಥದೇ ಹುಳಿ ಮಜ್ಜಿಗೆ ಕೊಡುತ್ತಿದ್ದರಂತೆ. ಊಟವಾದದ್ದೇ ಸೋಫಾದ ಟವೆಲಿನ ಮೇಲೆ ಕುಳಿತಲ್ಲೇ ಮೊದಲು ನಿದ್ದೆ ಹೋದವರು ಅವರೇ. ಒಂದು ರಗ್ಗು ಹೊದಿಸಿದೆ, ಅದರ ಮೇಲೆ ಇನ್ನೊಂದು. ನಮ್ಮವರು ಟ್ಯಾಂಕನ್ನೇ ನೋಡುತ್ತಾ ಕುಳಿತಿದ್ದವರು, ನನ್ನ ಮುಖ ನೋಡದೆ, "ಧೂಳು ಬೀಳುತ್ತೆ, ಒಂದು ಕವರ್ ಇದ್ರೆ ಕೊಡೇ" ಎಂದರು. ಕೊಟ್ಟೆ. ಅವರೂ ಅಲ್ಲೇ ಕುರ್ಚಿಗೊರಗಿ ಕಣ್ಣು ಮುಚ್ಚಿದರು. ತೊಯ್ವೊ ಅವರನ್ನು ಸ್ವಲ್ಪ ಹೊತ್ತು ಬಿಟ್ಟು ವಾಪಸು ಬಿಟ್ಟುಬಂದರಾಯಿತು. ನಾನು ಬರಿಗಾಲಲ್ಲಿ ಸದ್ದಾಗದಂತೆ ದೀಪ ಆರಿಸಲು ಹೋದೆ. ಹಾರಿಹೋಗಿದ್ದ ಬಟಾಣಿಗಳಲ್ಲಿ ಒಂದು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಈಗ ಕರಗಿ ಮೆತ್ತಗಾಗಿದ್ದದ್ದು ನನ್ನ ಹಿಮ್ಮಡಿಯ ಕೆಳಗೆ ಪಿಚಕ್ ಎಂದಿತು. ಹಣೆಗೆ ಕುಂಕುಮ ಬೆಳಿಗ್ಗೆಯೇ ಇಟ್ಟಾಗಿತ್ತು. ಅಂತೂ ನನ್ನ ಪೂಜೆಯೂ ಶಾಸ್ತ್ರೋಕ್ತವಾಗಿ ಮುಗಿಯಿತು.