ತಗಡಿಗಿಂತ ಬಣ್ಣವೇ ಗಟ್ಟಿ

ಮುಂಬಯಿಯಲ್ಲಿ ಹಳೆಯ ಕಾರು ಇಟ್ಟುಕೊಂಡವನಿಗೆ ಸಲಹೆಯ ಕೊರತೆ ಬರುವುದಿಲ್ಲ, ಬರುವುದು ತಗಡಿನ ಕೊರತೆ. ಅದೂ ಬಾಂದ್ರಾದಲ್ಲಿ, ಸಮುದ್ರದ ಗಾಳಿ ನೇರ ಬಡಿಯುವ ಬಿಲ್ಡಿಂಗ್‌ನ ಅಂಗಳದಲ್ಲಿ ನಿಲ್ಲಿಸಿದರೆ ವಾರಕ್ಕೊಂದು ಪ್ರಸಂಗ ಖಂಡಿತ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಮೂರು ಪ್ರನಾಳಗಳಲ್ಲಿ ಮೂರು ಮೊಳೆ ಹಾಕಿಟ್ಟು, ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತದೆ ಎಂದು ಪ್ರತಿ ವರ್ಷ ಹುಡುಗರಿಗೆ ತೋರಿಸುವುದು ನನ್ನ ಪಾಲಿನ ಕೆಲಸ. ಇದರಿಂದ ಕಾರಿಗೆ ಯಾವ ಪ್ರಯೋಜನವೂ ಆಗಲಿಲ್ಲ.

ಕಾರು ಶೋಕಿಗಾಗಿ ಇರಲಿಲ್ಲ. ನನ್ನ ಹೆಂಡತಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸೋತಿತ್ತು. ಅವಳು ಮಾಟುಂಗದ ಕನ್ನಡ ಶಾಲೆಯೊಂದರಲ್ಲಿ ಟೀಚರ್. ಬೆಳಗಿನ ಲೋಕಲ್ ರೈಲನ್ನು ಎರಡು ಕಾಲು ಗಟ್ಟಿ ಇದ್ದವರೇ ಹತ್ತುವುದಿಲ್ಲ; ಜನ ಅವರನ್ನು ಒಳಗೆ ತುಂಬುತ್ತಾರೆ. ದಿನಾ ಟ್ಯಾಕ್ಸಿ ನನ್ನ ಸಂಬಳದ ಮಾತಲ್ಲ. ಹೊಸ ಕಾರಿಗೆ ಹೆಸರು ಬರೆಸಿದ್ದೆವು. ಆ ಸರತಿ ಮುಂದಿದ್ದವರು ಸತ್ತಾಗ ಮಾತ್ರ ಮುಂದೆ ಸರಿಯುತ್ತಿತ್ತು. ಹೀಗಾಗಿ ಇಪ್ಪತ್ತು ವರ್ಷ ಹಳೆಯ ಒಂದು ವಿಲಾಯತಿ ಗಾಡಿ. ಅದು ನಿಂತ ದಿನ ಅವಳ ಕೆಲಸವೂ ನಿಂತಂತೆ. ಅದನ್ನು ನಿಲ್ಲದಂತೆ ಕಾಪಾಡುವ ಹೊಣೆಯನ್ನು ನಾನು ವಹಿಸಿಕೊಂಡೆ. ತಪ್ಪಾದದ್ದು ಅಲ್ಲೇ.

೧. ಸುಟ್ಟ ಎಣ್ಣೆ

ನಮ್ಮ ಭೌತಶಾಸ್ತ್ರದ ಸಹೋದ್ಯೋಗಿ ಮಳೆಗಾಲಕ್ಕೆ ಮೊದಲು ಒಂದು ಸಲಹೆ ಕೊಟ್ಟ. "ಗಾಡಿಯ ಹೊಟ್ಟೆಗೆ ಎಂಜಿನ್‌ನಿಂದ ತೆಗೆದ ಸುಟ್ಟ ಎಣ್ಣೆ ಬಳಿ. ನೀರು ಹತ್ತಿರ ಸುಳಿಯೋದಿಲ್ಲ." ಅವನ ಬಳಿ ಕಾರಿರಲಿಲ್ಲ. ಇದ್ದವರು ಇಷ್ಟು ಧೈರ್ಯವಾಗಿ ಮಾತಾಡುವುದಿಲ್ಲ.

ಭಾನುವಾರ ಹಳೆಯ ಚಾಪೆ ಹಾಸಿ ಕಾರಿನಡಿ ಅಂಗಾತ ಮಲಗಿ ಎರಡು ಡಬ್ಬ ಬಳಿದೆ. ಒಂದು ಡಬ್ಬದಷ್ಟು ನನ್ನ ಮೇಲೆ ಬಿತ್ತು. ಉಳಿದದ್ದು ಮೇ ತಿಂಗಳ ಬಿಸಿಲಿಗೆ ನೀರಾಗಿ ಎರಡು ದಿನದಲ್ಲಿ ಅಂಗಳಕ್ಕಿಳಿಯಿತು. ಮೂರನೆಯ ದಿನ ಬಿಲ್ಡಿಂಗ್‌ನ ಸೆಕ್ರೆಟರಿ, ಬಿಳಿ ಧೋತರದ ಗುಜರಾತಿ ಮುದುಕರು, ಹಾಲಿನ ಬಾಟಲಿ ಹಿಡಿದು ಬರುತ್ತಿದ್ದವರು ಅದರ ಮೇಲೆ ಕಾಲಿಟ್ಟು, ನಿಂತ ಭಂಗಿಯಲ್ಲೇ ಗೇಟಿನವರೆಗೂ ಜಾರಿದರು. ಬೀಳಲಿಲ್ಲ. ಬಿದ್ದಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

"ಪ್ರೊಫೆಸರ್ ಸಾಹೇಬ್, ಯೇ ಕ್ಯಾ ಹೈ?"

"ತುಕ್ಕು ಹಿಡಿಯದ ಹಾಗೆ ಔಷಧಿ," ಎಂದೆ.

ಔಷಧಿ ಫಲಿಸಿತು. ಆ ಮಳೆಗಾಲ ಪೂರ್ತಿ ನಮ್ಮ ಅಂಗಳದ ಸಿಮೆಂಟಿಗೆ ಒಂದಿಷ್ಟೂ ತುಕ್ಕು ಹಿಡಿಯಲಿಲ್ಲ.

೨. ನಿಷ್ಠೆ

ಬಿಲ್ಡಿಂಗ್‌ನ ಕಾರುಗಳನ್ನು ತೊಳೆಯಲು ಉತ್ತರದ ಕಡೆಯ ಒಬ್ಬ ಭಯ್ಯಾ ಬರುತ್ತಿದ್ದ. ಬೇರೆಯವರ ಕಾರುಗಳಿಗೆ ವಾರಕ್ಕೊಮ್ಮೆ ಬಟ್ಟೆ ಆಡಿಸುತ್ತಿದ್ದವನು ನನ್ನ ಕಾರನ್ನು ಮಾತ್ರ ದಿನಾ ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆಯುತ್ತಿದ್ದ. ಟೀಚರ್‌ಬಾಯಿಯ ಮೇಲೆ ಅವನಿಗೆ ಗೌರವ. ಅವನ ನಿಷ್ಠೆಯನ್ನು ನಾನು ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು.

ಎರಡು ವರ್ಷವಾದ ಮೇಲೆ ನನಗೊಂದು ಪ್ರಶ್ನೆ ಹೊಳೆಯಿತು. ನಮ್ಮ ನಲ್ಲಿಯಲ್ಲಿ ನೀರು ಬರುವುದೇ ಮುಂಜಾನೆ ಒಂದು ತಾಸು. ಇವನಿಗೆ ಇಷ್ಟು ನೀರು ಎಲ್ಲಿಂದ?

"ಹಿಂದಿನ ಬಾವಿಯದು ಸಾಬ್."

ಆ ಬಾವಿ ಸಮುದ್ರದಿಂದ ಕೂಗಳತೆಯಲ್ಲಿತ್ತು. ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಉಪ್ಪಿನಕಾಯಿ ಹಾಕಬಹುದಿತ್ತು.

"ಇದು ಉಪ್ಪು ನೀರಲ್ವೇನೋ!"

"ಮೀಠಾ ಪಾನೀ ಆದ್ಮೀ ಕೋ ನಹೀಂ ಮಿಲ್ತಾ ಸಾಬ್, ಗಾಡೀ ಕೋ ಕೌನ್ ದೇಗಾ?"

ಮನುಷ್ಯನಿಗೇ ಸಿಗದ ಸಿಹಿನೀರನ್ನು ಗಾಡಿಗೆ ಕೊಡುವವರು ಯಾರು? ನಾಳೆಯಿಂದ ತೊಳೆಯಬೇಡ ಎಂದೆ. ಅವನ ಮುಖ ಸಣ್ಣದಾಯಿತು. ತನ್ನ ಕೆಲಸದಲ್ಲಿ ಏನೋ ಕೊರತೆಯಾಗಿದೆ ಎಂದುಕೊಂಡ. ಮರುದಿನದಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೊಳೆಯತೊಡಗಿದ.

೩. ತೂತುಗಳು

ಬಾಗಿಲುಗಳ ಕೆಳಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳಿರುವುದನ್ನು ಒಂದು ದಿನ ಕಂಡುಹಿಡಿದೆ. ನೀರು ಒಳಗೆ ಹೋಗುವ ದಾರಿ ಇದೇ ಎಂದು ತೀರ್ಮಾನಿಸಿ ಎಲ್ಲಕ್ಕೂ ಡಾಂಬರು ತುಂಬಿದೆ. ಜುಲೈ ಬಂತು.

"ಇದೆಂತ ಮಾರಾಯ್ರೆ, ಬಾಗಿಲ ಒಳಗೆ ಎಂತದೋ ಕುಲುಕ್ತದೆ," ಎಂದಳು ಹೆಂಡತಿ.

"ಪೆಟ್ರೋಲ್ ಇರಬೇಕು."

"ಪೆಟ್ರೋಲ್ ಟ್ಯಾಂಕ್ ಹಿಂದೆ ಉಂಟಲ್ಲ?"

"ಶಬ್ದ ಮುಂದೆ ಕೇಳಿಸುತ್ತದೆ."

ಅಕ್ಟೋಬರಿನಲ್ಲಿ ಬಾಗಿಲು ಎತ್ತಿ ಹಾಕಬೇಕಾದಷ್ಟು ಭಾರವಾಯಿತು. ಬೈಕುಲ್ಲಾದ ಒಬ್ಬ ಡೆಂಟರ್ ಹತ್ತಿರ ಒಯ್ದೆವು. ಹುಬ್ಬಳ್ಳಿ ಕಡೆಯ ಮುಸಲ್ಮಾನ, ತಗಡು ಬಡಿಯುವುದರಲ್ಲಿ ನುರಿತವ. ಕೆಳಗೆ ಕೂತು ಒಂದು ಮೊಳೆಯಿಂದ ಡಾಂಬರು ಚುಚ್ಚಿದ. ಕೆಂಪು ನೀರು ಧಾರೆಯಾಗಿ ನನ್ನ ಬೂಟುಗಳ ಮೇಲೆ ಸುರಿಯಿತು, ಸುರಿಯುತ್ತಲೇ ಇತ್ತು.

"ಯಾ ಅಲ್ಲಾ! ಸಾಹೇಬ್ರ, ಕಿಡಕಿಯಿಂದ ಇಳಿದ ನೀರು ಹೊರಗ ಹೋಗ್ಲಿ ಅಂತ ಈ ತೂತ ಇಟ್ಟಿರತಾರ್ರೀ. ಯಾವ ಹುಚ್ಚ ಮುಚ್ಯಾನ್ರಿ ಇವನ್ನ?"

"ಹಿಂದಿನ ಮಾಲೀಕ," ಎಂದೆ.

ಒಳಗೆ ಕೂತಿದ್ದ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಹೌದು ಭಾಯಿ. ಪಾಪ, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಅಂತೆ."

೪. ಪರೀಕ್ಷೆ

ಅದೇ ದಿನ ಡೆಂಟರ್ ಒಂದು ಸಣ್ಣ ಸುತ್ತಿಗೆ ಹಿಡಿದು ಕಾರಿನ ಸುತ್ತ ಬಂದ. ವೈದ್ಯರು ಎದೆ ತಟ್ಟಿ ನೋಡುವಂತೆ ತಟ್ಟುತ್ತ, ಕಿವಿ ಕೊಡುತ್ತ.

"ಇದು ಪುಟ್ಟಿ. ಇದೂ ಪುಟ್ಟಿ. ಇದು ಡಾಂಬರ. ಇಲ್ಲಿ ಬರೇ ಬಣ್ಣ ಐತಿ." ಒಂದು ಸುತ್ತು ಮುಗಿಸಿ ನಿಂತ. "ಸಾಹೇಬ್ರ, ಇದರಾಗ ಗಾಡಿ ಎಲ್ಲೈತ್ರಿ?"

"ತೂತಿದ್ದಲ್ಲಿ ಹೊಸ ತಗಡು ಇಟ್ಟು ವೆಲ್ಡಿಂಗ್ ಮಾಡಿಬಿಡಪ್ಪ."

"ಮಾಡ್ತೀನ್ರಿ. ವೆಲ್ಡಿಂಗ್ ಎದಕ್ಕ ಹಚ್ಚಲಿ, ಬಣ್ಣಕ್ಕ?"

ನಾನು ಬಗ್ಗಿ ಬೂಟು ಒರೆಸಿಕೊಳ್ಳತೊಡಗಿದೆ. ಅವನಿಗೆ ಕನಿಕರ ಬಂದಿರಬೇಕು. ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಅಕ್ಕಾರ, ಇನ್ನ ಇದಕ್ಕ ಏನೂ ಮಾಡಬ್ಯಾಡ್ರಿ. ತುಕ್ಕು ಬಣ್ಣಾನ ಹಿಡಕೊಂಡೈತಿ, ಬಣ್ಣ ತುಕ್ಕನ್ನ ಹಿಡಕೊಂಡೈತಿ. ನಡುವ ಸಾಹೇಬ್ರು ಕೈ ಹಾಕದಿದ್ರ ಇನ್ನೊಂದು ವರ್ಷ ನಡೀತೈತಿ."

೫. ಪ್ರಾರ್ಥನೆಯ ಗಂಟೆ

ಆ ಒಂದು ವರ್ಷವೇ ಅವಳಿಗೆ ಮುಖ್ಯವಾಗಿತ್ತು. ಶಾಲೆಯ ಹೆಡ್‌ಮಾಸ್ತರರು ನಿವೃತ್ತರಾಗಿ ಅವಳನ್ನು ತಾತ್ಕಾಲಿಕವಾಗಿ ಆ ಕುರ್ಚಿಯಲ್ಲಿ ಕೂರಿಸಿದ್ದರು. ಖಾಯಂ ಮಾಡಲು ಕಮಿಟಿಯ ಅಧ್ಯಕ್ಷರಿಗೆ ಅನುಮಾನ. ಮಾಟುಂಗದಲ್ಲಿ ಹೋಟೆಲ್ ನಡೆಸುವ ಅವರು ಉಡುಪಿಯ ಕಡೆಯವರು, ಮೆದು ಮಾತಿನವರು. "ಟೀಚರ್, ನಿಮ್ಮ ಪಾಠದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಈ ಕಾಲಲ್ಲಿ ದಿನಾ ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಬರ್ಲಿಕ್ಕೆ ಆಗ್ತದಾ? ಒಂದು ವರ್ಷ ನೋಡುವ." ಅವಳು ಹನ್ನೊಂದು ತಿಂಗಳು ಒಂದು ದಿನವೂ ತಡಮಾಡಲಿಲ್ಲ. ನಾನು ಕಾರಿಗೆ ಕೈ ಹಾಕಲಿಲ್ಲ.

ಹನ್ನೆರಡನೆಯ ತಿಂಗಳು, ಜಡಿಮಳೆಯ ಒಂದು ಬೆಳಿಗ್ಗೆ, ಮಾಹಿಮ್ ದಾಟುತ್ತಿದ್ದಂತೆ ಅವಳ ಕಾಲಡಿಯ ತಗಡು ಬಿಸ್ಕತ್ತಿನಂತೆ ಮುರಿದು ರಸ್ತೆಗೆ ಬಿತ್ತು. ಕೆಳಗೆ ರಸ್ತೆ ಓಡುತ್ತಿರುವುದು ಕಾಣಿಸಿತು. ನಾನು ಬ್ರೇಕ್ ಒತ್ತಿದೆ.

"ನಿಲ್ಲಿಸ್ತೀರಿ ಎಂತಕ್ಕೆ?"

"ನೆಲ ಇಲ್ಲ."

"ಚಕ್ರ ಉಂಟಲ್ಲ? ಗಂಟೆಗೆ ಒಂಬತ್ತು ನಿಮಿಷ ಉಂಟು. ನಡೀಲಿ."

ಅವಳು ಎರಡೂ ಕಾಲುಗಳನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಹಾಜರಿ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡಳು. ನೀರು ನಿಂತಲ್ಲೆಲ್ಲ ತೂತಿನಿಂದ ಕಾರಂಜಿ ಏಳುತ್ತಿತ್ತು. ಪಕ್ಕದ ಬಸ್ಸಿನವರು ಕಿಟಕಿಗಳಿಂದ ನೋಡಿದರು. ಅವಳು ನೇರ ಮುಂದೆ ನೋಡುತ್ತಿದ್ದಳು.

ಶಾಲೆಯ ಗೇಟಿನಲ್ಲಿ ಅಧ್ಯಕ್ಷರೇ ಕೊಡೆ ಹಿಡಿದು ನಿಂತಿದ್ದರು, ಕೈಗಡಿಯಾರ ನೋಡುತ್ತ. ಗಂಟೆಗೆ ಇನ್ನೂ ಒಂದು ನಿಮಿಷವಿತ್ತು. ಅವರು ಸೌಜನ್ಯದಿಂದ ಮುಂದೆ ಬಂದು ಅವಳ ಕಡೆಯ ಬಾಗಿಲು ತೆರೆದರು. ಬಾಗಿಲು ತೆರೆಯಿತು, ಹಾಗೆಯೇ ಕಾರನ್ನು ಬಿಟ್ಟು ಪೂರ್ತಿಯಾಗಿ ಅವರ ಕೈಗೆ ಬಂತು. ಕೊಡೆ ಗಟಾರಕ್ಕೆ ಬಿತ್ತು.

"ಸ್ವಲ್ಪ ಹಿಡ್ಕೊಂಡಿರಿ, ಬಂದೆ," ಎಂದು ಅವಳು ಕಾಲೆಳೆಯುತ್ತ ಒಳಗೆ ಹೋದಳು. ಗಂಟೆ ಹೊಡೆಯಿತು. ಪ್ರಾರ್ಥನೆ ಶುರುವಾಯಿತು. ಪ್ರಾರ್ಥನೆ ನಡೆಯುವಾಗ ಅಲುಗಾಡಬಾರದೆಂದು ನಿಯಮ ಮಾಡಿದವರು ಅಧ್ಯಕ್ಷರೇ. ಹಾಗಾಗಿ ಅದು ಮುಗಿಯುವವರೆಗೂ ಅವರು ಮಳೆಯಲ್ಲಿ ಕಾರಿನ ಬಾಗಿಲು ಅಪ್ಪಿಕೊಂಡು ನಿಂತಿದ್ದರು. ಎದುರಿಗೆ ನಾನು.

ಅವಳು ಹಿಂದಿರುಗಿದಾಗ ಅವರ ಮೆದು ಮಾತು ಸ್ವಲ್ಪ ಗಟ್ಟಿಯಾಗಿತ್ತು. "ಟೀಚರ್, ಬೇಜಾರು ಮಾಡ್ಬೇಡಿ. ಒಂದು ಕಾರನ್ನು ನೋಡಿಕೊಳ್ಳಲಿಕ್ಕೆ ಆಗದವರು ನಾಳೆ ಇಡೀ ಶಾಲೆಯನ್ನು ಹೇಗೆ ನೋಡಿಕೊಳ್ತಾರೆ ಅಂತ ಕಮಿಟಿಯವರು ಕೇಳಿದ್ರೆ ನಾನು ಎಂತ ಹೇಳುದು?"

"ಕಾರನ್ನು ನೋಡಿಕೊಂಡದ್ದು ಇವರು," ಎಂದು ಅವಳು ಗಲ್ಲದಿಂದ ನನ್ನ ಕಡೆ ತೋರಿಸಿದಳು. "ಇವರನ್ನು ಹದಿನಾಲ್ಕು ವರ್ಷದಿಂದ ನೋಡಿಕೊಳ್ತಾ ಇರುವುದು ನಾನು. ಶಾಲೆ ಯಾವ ಲೆಕ್ಕ ಹೇಳಿ?"

ಅಧ್ಯಕ್ಷರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಬಾಗಿಲನ್ನು ನನ್ನ ಕೈಗೆ ಕೊಟ್ಟರು. ಅವಳನ್ನು ಖಾಯಂ ಮಾಡಿದರು.